ಹಾಜರಿ ಪಟ್ಟಿಯಲ್ಲಿಲ್ಲದ ಕೈ

ನಮ್ಮ ಎಣ್ಣೆ ಗಿರಣಿಯಲ್ಲಿ ಒಂದು ಜಾಗ ಒಬ್ಬ ಆಳಿನ ಪಾಲಿಗಿರಲಿಲ್ಲ, ಒಂದು ಮನೆಯ ಪಾಲಿಗಿತ್ತು. ಎಪ್ಪತ್ತರ ದಶಕದ ರಾಯಚೂರಿನಲ್ಲಿ ನಾನು ಕಂಡ ಸಣ್ಣ ಗಿರಣಿಗಳಲ್ಲೆಲ್ಲ ಇದೇ ರೂಢಿ. ಒಬ್ಬ ಹೆಣ್ಣುಮಗಳು ಹೆರಿಗೆಗೆ ತವರಿಗೆ ಹೋದರೆ ಅವಳ ಜಾಗಕ್ಕೆ ಅತ್ತೆ ಬರುತ್ತಿದ್ದಳು. ಅತ್ತೆಗೆ ಆಗದಿದ್ದರೆ ನೆಗೆಣ್ಣಿ, ಅಂದರೆ ಗಂಡನ ಅಣ್ಣನ ಅಥವಾ ತಮ್ಮನ ಹೆಂಡತಿ. ಬಂದವಳು ತನ್ನ ಹೆಸರು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಮುಂಜಾನೆ ಹಾಜರಿ ಪುಸ್ತಕ ಹಿಡಿದು ತವರಿಗೆ ಹೋದವಳ ಹೆಸರು ಕೂಗಿದರೆ, ಬಂದವಳು "ಬಂದೀನ್ರೀ" ಅನ್ನುತ್ತಿದ್ದಳು. ನಾನು ಗೀಟು ಎಳೆಯುತ್ತಿದ್ದೆ. ಹೊಸಬಳ ಹೆಸರು ಬರೆದರೆ ಹಳಬಳ ಜಾಗ ಹೋದೀತು ಎಂಬ ಅಂಜಿಕೆ ಅವರಿಗೆ. ಹೊಸ ಹೆಸರಿಗೆ ಹೊಸ ಅರ್ಜಿ, ಹೊಸ ಕಾಗದ ಎಂಬ ಬೇಸರ ನನಗೆ. ಇಬ್ಬರಿಗೂ ಅನುಕೂಲವಾದ ವ್ಯವಹಾರದಲ್ಲಿ ತಪ್ಪೇನಿರಲು ಸಾಧ್ಯ ಎಂದುಕೊಂಡಿದ್ದೆ. ಆ ವಯಸ್ಸಿನಲ್ಲಿ ನನಗೆ ವ್ಯವಹಾರ ಗೊತ್ತು ಎಂಬ ಸೊಕ್ಕೂ ಇತ್ತು.

ಸೊಕ್ಕಿಗೆ ಕಾರಣವೂ ಇತ್ತೆನ್ನಿ. ನಾನು ದೇವದುರ್ಗ ತಾಲ್ಲೂಕಿನ ಹಳ್ಳಿಯವನು, ಬೇರೆಯವರ ಕುರಿ ಕಾಯ್ದವನ ಮಗ. ಗಬ್ಬೂರಿನಲ್ಲಿ ಬಸ್ಸು ನಿಲ್ಲುವ ಜಾಗದ ಪಕ್ಕ ಗೋಣಿತಟ್ಟು ಹಾಸಿಕೊಂಡು ಚೀಲ, ಅರೆಚೀಲ ಶೇಂಗಾ ಕೊಳ್ಳುತ್ತಿದ್ದೆ. ಕೊಳ್ಳುವಾಗ ಒಂದು ಕಾಯಿ ಒಡೆದು ಬಾಯಿಗೆ ಹಾಕಿಕೊಂಡು, ಏನೂ ಹೇಳದೆ ಮುಖ ಸ್ವಲ್ಪ ಕಿವಿಚುವುದು ನನ್ನ ಪದ್ಧತಿ. ಅಷ್ಟಕ್ಕೇ ದರ ಇಳಿಯುತ್ತಿತ್ತು. ಅಲ್ಲಿಂದ ಮಾನ್ವಿಗೆ ಹೋಗಿ ಶೇಂಗಾ ಸುಲಿಯುವ ಯಂತ್ರ ಹಾಕಿದೆ, ಆಮೇಲೆ ರಾಯಚೂರಿಗೆ ಬಂದು ಎಣ್ಣೆ ತೆಗೆಯುವ ಗಿರಣಿ ಮಾಡಿದೆ.

ಇಲ್ಲಿ ಒಂದು ಮಾತು ಹೇಳಬೇಕು. ಸಣ್ಣ ಕಾರ್ಖಾನೆ ನಡೆಸುವವರು ಗಮನ ಕೊಟ್ಟು ಓದಿರಿ. ಮಾನ್ವಿಯಲ್ಲಿ ಬರೀ ಶೇಂಗಾ ಸುಲಿಯುವಷ್ಟು ದಿನ ಕಾರ್ಮಿಕರ ವಿಮೆಯ ಕಾಯಿದೆ ನನ್ನನ್ನು ಮುಟ್ಟಿರಲಿಲ್ಲ. ಸುಲಿಯುವುದು, ಹತ್ತಿಯ ಬೀಜ ಬಿಡಿಸುವುದು ಇವೆಲ್ಲ ಸುಗ್ಗಿಯ ಕೆಲಸ ಎಂದು ಕಾಯಿದೆಯೇ ಹೊರಗಿಟ್ಟಿತ್ತು. ರಾಯಚೂರಿಗೆ ಬಂದು ಎಣ್ಣೆ ತೆಗೆಯತೊಡಗಿದ ಮೇಲೆ ಆ ರಿಯಾಯಿತಿ ತಪ್ಪಿತು. ಕರೆಂಟಿನ ಯಂತ್ರ ಇದ್ದು ಇಪ್ಪತ್ತು ಜನ ದುಡಿದರೆ ವಿಮೆ ಕಟ್ಟಲೇಬೇಕು ಎಂದು ವಕೀಲರ ಗುಮಾಸ್ತನೊಬ್ಬ ಹೇಳಿದ. ಹತ್ತೊಂಬತ್ತಕ್ಕೆ ನಿಲ್ಲಿಸಿ ನೋಡಿದೆ, ಕೆಲಸ ಸಾಗಲಿಲ್ಲ. ಕೊನೆಗೆ ಇಪ್ಪತ್ತೆರಡು ಹೆಸರು ಬರೆಸಿ, ಇಪ್ಪತ್ತೆರಡು ವಿಮೆ ಚೀಟಿ ಮಾಡಿಸಿ, ಇನ್ನು ಇದರ ಕಾಟ ಮುಗಿಯಿತು ಎಂದು ಕೈ ತೊಳೆದುಕೊಂಡೆ. ಚೀಟಿಗಳನ್ನು ಆಳುಗಳ ಕೈಗೂ ಕೊಟ್ಟಿರಲಿಲ್ಲ. ಕಳೆದುಬಿಟ್ಟಾರು ಎಂದು ನನ್ನ ಮೇಜಿನ ಖಾನೆಯಲ್ಲೇ ಇಟ್ಟುಕೊಂಡಿದ್ದೆ. ಕೇಳಿದವರಿಗೆ ಮಾತ್ರ ದವಾಖಾನೆಗೆ ಹೋಗಿಬರಲು ಕೊಟ್ಟು ವಾಪಸ್ ತೆಗೆದುಕೊಳ್ಳುತ್ತಿದ್ದೆ.

ತುರ್ತು ಪರಿಸ್ಥಿತಿ ಮುಗಿದು ಒಂದೆರಡು ವರ್ಷ ಆಗಿರಬೇಕು. ಕಾಳು ಹಸನು ಮಾಡುವ ಹೆಂಗಸರಲ್ಲಿ ಒಬ್ಬಳು ಹೆರಿಗೆಗೆಂದು ತವರು ಚೀಕಲಪರ್ವಿಗೆ ಹೋದಳು. ಅವಳ ಜಾಗಕ್ಕೆ ಅವಳ ಹಿರಿಯ ನೆಗೆಣ್ಣಿ ಬಂದಳು. ಮೂವತ್ತು ದಾಟಿದವಳು, ಗಟ್ಟಿ ಆಳು, ಮಾತು ಕಡಿಮೆ. ಒಂದು ತಿಂಗಳಿಗೂ ಹೆಚ್ಚು ದಿನ, ತಾನು ತಂಗಿ ಎಂದು ಕರೆಯುತ್ತಿದ್ದ ಆ ಕಿರಿಯವಳ ಹೆಸರಿಗೆ "ಬಂದೀನ್ರೀ" ಅನ್ನುತ್ತಿದ್ದಳು.

ಅವತ್ತು ಊಟದ ಹೊತ್ತಿಗೆ ಮುಂಚೆ ಯಂತ್ರದ ಬಾಯಲ್ಲಿ ಕಾಳು ಕಟ್ಟಿಕೊಂಡಿತು. ಅದನ್ನು ಕೆದರಲು ಅವಳು ಪಕ್ಕಕ್ಕೆ ಸರಿದಳು. ಪಟ್ಟಾ, ಅಂದರೆ ಬೆಲ್ಟು, ತಿರುಗುವ ಕಡೆ ಇರಬೇಕಾದ ಜಾಲರಿಯನ್ನು ಎಣ್ಣೆ ಹಾಕಲು ಅಡ್ಡ ಬರುತ್ತದೆಂದು ನಾನೇ ಬಿಚ್ಚಿಸಿಟ್ಟಿದ್ದೆ. ಕುಪ್ಪಸದ ತೋಳು ಸಿಕ್ಕಿತೋ, ಬಳೆ ಸಿಕ್ಕಿತೋ ಯಾರಿಗೂ ಗೊತ್ತಾಗಲಿಲ್ಲ. ಯಂತ್ರದ ದನಿ ಬದಲಾಯಿತು. ಯಾರೋ ಬಟನ್ ಆರಿಸಿದರು. ನಾನು ಓಡಿಹೋದಾಗ ಅವಳು ಬಲಗೈಯನ್ನು ಎಡಗೈಯಲ್ಲಿ ಹಿಡಿದು ಕಾಳಿನ ರಾಶಿಯ ಮೇಲೆ ಕೂತಿದ್ದಳು. ಅಳುತ್ತಿರಲಿಲ್ಲ. ಕೈ ಎಲ್ಲಿ ಮುಗಿಯುತ್ತದೆ ಎಂದು ನೋಡುತ್ತಿದ್ದಳು.

ಆ ಹೊತ್ತಿನಲ್ಲೂ ನನ್ನ ತಲೆ ತನ್ನ ಕೆಲಸ ಮಾಡುತ್ತಲೇ ಇತ್ತು. ಇದನ್ನು ಹೇಳಲು ಈಗಲೂ ನಾಚಿಕೆ. ಖಾನೆ ತೆಗೆದು ತಂಗಿಯ ವಿಮೆ ಚೀಟಿ ಹುಡುಕಿದೆ. ಅದು ಸಿಗಲಿಲ್ಲ. ಎಲ್ಲೋ ತಳಕ್ಕೆ ಹೋಗಿದೆ ಎಂದುಕೊಂಡು ಪುಸ್ತಕದಿಂದ ಅದರ ನಂಬರನ್ನು ಅಂಗೈ ಮೇಲೆ ಬರೆದುಕೊಂಡು ಟಾಂಗಾ ಕರೆಸಿದೆ. ಟಾಂಗಾದಲ್ಲಿ ಅವಳ ಕೈಗೆ ಸುತ್ತಿದ್ದ ಪಂಚೆ ಕೆಂಪಾಗುತ್ತಿತ್ತು. ನಾನು ಅವಳ ಕಿವಿಯ ಹತ್ತಿರ ಬಗ್ಗಿ ಹೇಳಿಕೊಡುತ್ತಿದ್ದೆ.

"ಡಾಕ್ಟರಮ್ಮ ನಿನ್ನ ಹೆಸರು ಕೇಳಿದ್ರ ತಂಗಿ ಹೆಸರು ಹೇಳು. ಗಂಡನ ಹೆಸರೂ ತಂಗಿ ಗಂಡಂದೇ. ತಿಳೀತಿಲ್ಲೊ? ನಿನ್ನ ಹೆಸರು ಹೇಳಿದ್ರ ನಿನಗ ಒಂದು ಪೈಸಾ ಸಿಗಂಗಿಲ್ಲ. ವಿಮಾದಾಗ ನೀನು ಇಲ್ಲ."

ಅವಳು "ಹೂನ್ರೀ" ಅಂದಳು. ಆಮೇಲೆ "ನೀರು ಕುಡಿಬೇಕಾಗ್ಯಾದ್ರೀ" ಅಂದಳು.

ವಿಮೆ ದವಾಖಾನೆಯ ಡಾಕ್ಟರು ಐವತ್ತರ ಹೆಂಗಸು, ಗುಲ್ಬರ್ಗಾ ಕಡೆಯವರು. ಅವರು ಏನೂ ಕೇಳದೆ ಮೊದಲು ಗಾಯ ತೊಳೆದರು, ಸೂಜಿ ಚುಚ್ಚಿದರು, ಕಟ್ಟು ಕಟ್ಟಿದರು. ದೊಡ್ಡ ಆಸ್ಪತ್ರೆಗೆ ಕಳಿಸಲು ಚೀಟಿ ಬರೆಯುವಾಗ ಹೆಸರು ಕೇಳಿದರು. ಅವಳು ಕಲಿಸಿದಂತೆ ತಂಗಿಯ ಹೆಸರು ಹೇಳಿದಳು. ನಾನು ಅಂಗೈ ತೋರಿಸಿ ನಂಬರು ಓದಿದೆ. ಡಾಕ್ಟರು ತಮ್ಮ ಪುಸ್ತಕದ ಹಾಳೆ ಹಿಂದೆ ಮುಂದೆ ತಿರುವಿದರು. ಪೆನ್ನು ಕೆಳಗಿಟ್ಟರು.

"ಈ ನಂಬರಿನ ಹೆಣ್ಮಗಳಿಗಿ ಹೋದ ತಿಂಗಳು ನಾನೇ ಸರ್ಟಿಫಿಕೇಟ್ ಕೊಟ್ಟೀನಿ. ಎಂಟು ತಿಂಗಳು ತುಂಬಿದ ಬಸುರಿ. ಇಕಿ ಹೊಟ್ಟಿ ಎಲ್ಲಿಗಿ ಹೋಯ್ತ್ರೀ ಸಾವ್ಕಾರ್ರ?"

ನಾನು ಅಂಗೈ ಮುಚ್ಚಿಕೊಂಡೆ. ಹೆರಿಗೆಗೂ ವಿಮೆಯಿಂದ ಹಣ ಸಿಗುತ್ತದೆ ಎಂಬುದು ನನಗೆ ಗೊತ್ತಿತ್ತು, ಆಳುಗಳಿಗೆ ಗೊತ್ತಿರಲಿಲ್ಲ ಎಂದುಕೊಂಡಿದ್ದೆ. ನಾನಾಗಿ ಹೇಳಿರಲಿಲ್ಲ. ನನ್ನ ಗಂಟೇನೂ ಹೋಗುತ್ತಿರಲಿಲ್ಲ, ಆದರೂ ಹೇಳಿರಲಿಲ್ಲ. ಜ್ವರ ಎಂದು ಹೇಳಿ ಚೀಟಿ ಇಸಿದುಕೊಂಡು ಹೋಗಿದ್ದ ಆ ಹುಡುಗಿ, ಅದನ್ನು ವಾಪಸ್ ಕೊಡದೆ, ಎಲ್ಲ ಕಾಗದ ಮಾಡಿಸಿಕೊಂಡು ತವರಿಗೆ ಹೋಗಿದ್ದಳು. ನನ್ನ ಹಾಜರಿ ಪುಸ್ತಕದಲ್ಲಿ ಅವಳು ದಿನವೂ ದುಡಿಯುತ್ತಿದ್ದಳು. ವಿಮೆ ಕಚೇರಿಯ ಪುಸ್ತಕದಲ್ಲಿ ಅವಳು ಹೆರಿಗೆ ರಜೆಯ ಮೇಲಿದ್ದಳು.

"ಹೆಸರಿನ ಜಾಗ ಖಾಲಿ ಬಿಟ್ಟೀನಿ," ಅಂದರು ಡಾಕ್ಟರು. "ಮೊದಲು ಇಕೀನ್ನ ಕರ್ಕೊಂಡು ಹೋಗ್ರಿ. ಸುಳ್ಳು ಆಮ್ಯಾಲ ಹೊಂದಿಸಿಕೊಳ್ರಿ."

ದೊಡ್ಡ ಆಸ್ಪತ್ರೆಯಲ್ಲಿ ಮೂರು ಬೆರಳು ತೆಗೆದರು. ಹೆಬ್ಬೆರಳು ಮತ್ತು ಕಿರುಬೆರಳು ಉಳಿದವು.

ಮರುದಿನ ನನ್ನ ಪಕ್ಕದ ಅಕ್ಕಿ ಗಿರಣಿಯ ಮಾಲೀಕರು ಬಂದರು. ವಯಸ್ಸಿನಲ್ಲಿ ಹಿರಿಯರು, ಇಂಥದ್ದರಲ್ಲಿ ನನಗಿಂತ ಪಳಗಿದವರು. ಎಲ್ಲ ಕೇಳಿ ನಕ್ಕರು.

"ಯಾಕ ಮುಖ ಸಣ್ಣದು ಮಾಡೀಪಾ? ಭಾಳ ಸಸಾರ ಅದ ಇದು. ಆಕಿ ನಿನ್ನ ಆಳೇ ಅಲ್ಲ. ಬುತ್ತಿ ಕೊಡಾಕ ಬಂದಿದ್ಲು, ನೋಡಾಕ ಹೋಗಿ ಕೈ ಇಟ್ಲು. ಮುಗೀತು."

"ಬುತ್ತಿ ಯಾರಿಗಿ ತಂದಿದ್ಲು? ತಂಗಿ ಚೀಕಲಪರ್ವಿ ಒಳಗ ಅದಾಳ."

"ಯಾರಿಗಿರ ತಂದಿದ್ಲಪಾ. ನಿನಗಾ ತಂದಿದ್ಲು ಅನ್ನು," ಎಂದು ಮತ್ತೆ ನಕ್ಕರು. "ಕೈಗಿ ಒಂದಿಷ್ಟು ರೊಕ್ಕ ಕೊಟ್ಟು, ಒಂದು ಸೀರಿ ಉಡಿಸಿ ಕಳಿಸು. ಕಚೇರಿ ಮೆಟ್ಟಲಾ ಹತ್ತಬ್ಯಾಡ."

ಸತ್ಯ ಹೇಳುತ್ತೇನೆ, ಆ ಸಲಹೆ ನನಗೆ ಹಿಡಿಸಿತು. ಹಣ್ಣು ಕೊಂಡು ಆಸ್ಪತ್ರೆಗೆ ಹೋದೆ. ಹಾದಿಯುದ್ದಕ್ಕೂ ಎಷ್ಟಕ್ಕೆ ಮಾತು ಶುರು ಮಾಡಿ ಎಷ್ಟಕ್ಕೆ ನಿಲ್ಲಿಸಬೇಕು ಎಂದು ಮನಸ್ಸಿನಲ್ಲೇ ವ್ಯಾಪಾರ ಮಾಡುತ್ತಿದ್ದೆ. ಅವಳ ಅತ್ತೆ ಮಂಚದ ಪಕ್ಕ ನೆಲದ ಮೇಲೆ ಕೂತಿದ್ದಳು. ನಾನು ಇನ್ನೂ ಬಾಯಿ ತೆರೆದಿರಲಿಲ್ಲ, ಮಂಚದ ಮೇಲಿದ್ದವಳೇ ಶುರು ಮಾಡಿದಳು.

"ಸಾವ್ಕಾರ್ರ, ಒಂದು ಮಾತು ಕೇಳ್ತೀನ್ರಿ. ನನ್ನ ಹೆಸರು ಎಲ್ಲೂ ಬರಬಾರ್ದು. ನಾ ದುಡಿಯಾಕ ಬಂದಿದ್ದೇ ಇಲ್ಲ ಅಂತ ಹೇಳ್ತೀನಿ. ಬುತ್ತಿ ಕೊಡಾಕ ಬಂದಿದ್ದೆ ಅಂತೀನಿ."

ನಾನು ಬೆಚ್ಚಿಬಿದ್ದೆ. ಪಕ್ಕದ ಮಾಲೀಕರು ಇಲ್ಲಿಗೂ ಬಂದು ಹೋಗಿದ್ದಾರೆಯೇ ಎಂದು ಅನುಮಾನವಾಯಿತು. "ಯಾರು ಹೇಳಿದ್ರು ಹಿಂಗ ಹೇಳಂತ?"

"ಯಾರ್ ಹೇಳ್ತಾರ್ರಿ. ನಾ ದುಡಿದೀನಿ ಅಂದ್ರ, ತಂಗಿ ಹೆಸರಲೇ ದುಡಿದೀನಿ ಅಂತಾಗ್ತದ. ಆಕಿ ಬಾಣಂತನದ ರೊಕ್ಕ ಹೋಗ್ತದ, ಮ್ಯಾಲ ಪೊಲೀಸ್ರು ಬರ್ತಾರ ಅಂತ ಇಲ್ಲಿ ಕಂಪೌಂಡರ್ ಅಂದ. ಹಸಿ ಬಾಣಂತಿ ಅದಾಳ್ರೀ ಆಕಿ. ನನ್ನ ಕೈ ಅಂತೂ ಹೋಯ್ತು, ಹೆಂಗ ಹೇಳಿದ್ರೂ ಬರಂಗಿಲ್ಲ."

ಅತ್ತೆ ಕೆಳಗಿನಿಂದಲೇ ನನ್ನನ್ನು ನೋಡಿ ಅಂದಳು, "ಇಕಿ ಹೇಳಿದ್ದು ಕೇಳಬ್ಯಾಡ್ರಿ ಯಪ್ಪಾ. ನೀವು ಹೇಳಿದ್ದೂ ಇಕಿ ಕೇಳಬಾರ್ದಾಗಿತ್ತು."

ನಾನು ಕುದುರಿಸಬೇಕೆಂದಿದ್ದ ವ್ಯಾಪಾರ ಅಲ್ಲೇ ಮುಗಿದಿತ್ತು. ನಾನು ಕೇಳಬೇಕೆಂದಿದ್ದನ್ನು ಅವಳು ಬಿಟ್ಟಿಯಾಗಿ ಕೊಡುತ್ತಿದ್ದಳು. ಇಷ್ಟು ವರ್ಷದ ಕೊಡುಕೊಳ್ಳುವಿಕೆಯಲ್ಲಿ ನನಗೆ ಹಾಗೆ ಆಗಿರಲಿಲ್ಲ. ಲಾಭವಾದಾಗ ಬರುವ ನೆಮ್ಮದಿ ಬರಲಿಲ್ಲ. ಹಣ್ಣು ಇಟ್ಟು ಹೊರಗೆ ಬಂದೆ.

ಮೊದಲು ತಂಗಿಯನ್ನು ಕಾಣಬೇಕು, ಅವಳು ಏನು ಕಾಗದ ಕೊಟ್ಟಿದ್ದಾಳೆ ಎಂದು ತಿಳಿಯಬೇಕು ಅನ್ನಿಸಿತು. ಮಾನ್ವಿಗೆ ಹೋಗಿ ಅಲ್ಲಿಂದ ಬಸ್ಸು ಬದಲಿಸಿ ಚೀಕಲಪರ್ವಿ ಮುಟ್ಟುವಷ್ಟರಲ್ಲಿ ಮಧ್ಯಾಹ್ನ ಆಗಿತ್ತು. ಮನೆ ಹೊಳೆಯ ಕಡೆಗೆ ಇತ್ತು. ಬಾಗಿಲಲ್ಲಿ ಬಾಣಂತಿಯ ತಾಯಿ ಗೋಧಿ ಹಸನು ಮಾಡುತ್ತಿದ್ದಳು.

"ಕೂಸು ನೋಡಾಕ ಬಂದ್ರೇನ್ರೀ ಸಾವ್ಕಾರ್ರು? ಬರಿಗೈಲೆ ಬಂದೀರಿ," ಅಂದಳು.

ನಾನು ಅಂಗಿಯ ಜೇಬಿಗೆ ಕೈ ಹಾಕಿದೆ. "ಇರ್ಲಿ ಬಿಡ್ರಿ, ಚ್ಯಾಷ್ಟಿ ಮಾಡಿದೆ," ಎಂದು ತಂಬಿಗೆ ನೀರು ತಂದುಕೊಟ್ಟಳು.

ಒಳಗಿನ ಕತ್ತಲೆಯಿಂದಲೇ ಹುಡುಗಿ ಮಾತಾಡಿದಳು. ಅಕ್ಕನ ಕೈಯ ಸುದ್ದಿ ಆಗಲೇ ಬಸ್ಸಿನವರ ಮೂಲಕ ಮುಟ್ಟಿತ್ತು.

"ಬಾಣಂತನದ ರೊಕ್ಕ ಸಿಗ್ತದಂತ ನಿನಗ ಯಾರು ಹೇಳಿದ್ರು?" ಎಂದೆ.

"ಬ್ಯಾರೆ ಗಿರಣಿ ಹೆಣ್ಮಕ್ಳು ಹೇಳಿದ್ರು. ನೀವು ಹೇಳ್ತೀರೇನೋ ಅಂತ ಒಂದು ತಿಂಗಳು ಕಾದೆ."

ತಂಬಿಗೆ ಕೆಳಗಿಟ್ಟು ಮತ್ತೆ ಕೇಳಿದೆ, "ಕಚೇರಿಯವರು ಕೇಳಿದ್ರ ಏನು ಹೇಳ್ತಿ?"

"ಇದ್ದದ್ದು ಹೇಳ್ತೀನಿ. ನಾ ಇಲ್ಲಿ ಇದ್ದೆ. ನನ್ನ ಜಾಗದಾಗ ಅಕ್ಕ ದುಡಿದ್ಲು, ಪಗಾರ ಅಕ್ಕನೇ ತಗೊಂಡ್ಲು. ರೊಕ್ಕ ಕೊಟ್ರ ಕೊಡ್ಲಿ, ಬಿಟ್ರ ಬಿಡ್ಲಿ. ಅಕ್ಕ ದುಡಿದೇ ಇಲ್ಲ ಅಂತ ನಾ ಹೆಂಗ ಹೇಳ್ಲಿ? ಆಕಿ ಕೈ ಎಲ್ಲಿ ಹೋಯ್ತು ಹಂಗಾದ್ರ?"

ವಾಪಸ್ ಬಂದ ಮೇಲೆ ಹಾಜರಿ ಪುಸ್ತಕ ಬಗಲಲ್ಲಿಟ್ಟುಕೊಂಡು ವಿಮೆ ಕಚೇರಿಗೆ ಹೋದೆ.

ವಿಮೆ ಕಚೇರಿಯ ಮ್ಯಾನೇಜರು ಮೈಸೂರು ಕಡೆಯವರು, ಸಣ್ಣ ಆಳು, ದಪ್ಪ ಕನ್ನಡಕ. ನಾನು ಅಪಘಾತ ಆಗಿ ಮೂರು ದಿನಕ್ಕೆ ಅವರ ಎದುರು ಕೂತೆ. ಕಾಯಿದೆಯ ಪ್ರಕಾರ ಕೂಡಲೇ ತಿಳಿಸಬೇಕಾಗಿತ್ತು. ಮೂರು ದಿನ ನಾನು ಸುಳ್ಳಿಗೆ ಸುಳ್ಳು ಕೂಡಿಸುವುದರಲ್ಲಿ ಕಳೆದಿದ್ದೆ. ಎಲ್ಲವನ್ನೂ ಹೇಳಿದೆ. ಟಾಂಗಾದಲ್ಲಿ ಕಲಿಸಿಕೊಟ್ಟ ಮಾತನ್ನೂ ಹೇಳಿದೆ. ಕೊನೆಗೆ, "ಇಬ್ಬರಲ್ಲಿ ಒಬ್ಬರನ್ನಾದ್ರೂ ಉಳಿಸಿಕೊಡ್ರಿ ಸಾಹೇಬ್ರ. ದಂಡ ಎಷ್ಟಂತ ಹೇಳ್ರಿ, ಒಂದು ಮಾತಿಗಿ ಬರೋಣು," ಎಂದೆ.

ಅವರು ಕನ್ನಡಕ ತೆಗೆದು ಒರೆಸಿದರು.

"ಯಾರನ್ನ ಯಾರು ಉಳಿಸಬೇಕು ಸ್ವಾಮಿ? ಚಿಕ್ಕವಳು ದುಡಿಯಲಿಲ್ಲ, ದುಡಿಯಲಿಲ್ಲ ಅಂತಲೇ ಬರೆದುಕೊಟ್ಟಿದ್ದಾಳೆ. ಅವಳ ಹೆರಿಗೆ ಹಣ ಅವಳದು. ದೊಡ್ಡವಳು ದುಡಿದಿದ್ದಾಳೆ, ದುಡಿಯುವಾಗ ಕೈ ಹೋಗಿದೆ. ಅವಳ ಪಿಂಚಣಿ ಅವಳದು."

"ಆದ್ರ ಆಕಿ ಹೆಸರು ವಿಮಾದಾಗ ಇಲ್ಲಲ್ರೀ."

"ನೀವು ಬರೆಸಿಲ್ಲ. ಅದಕ್ಕೆ ಅವಳೇನು ಮಾಡ್ತಾಳೆ? ಕೆಲಸದಲ್ಲಿ ಆದ ಗಾಯಕ್ಕೆ ಮುಂಚೆ ಇಷ್ಟು ದಿನ ವಂತಿಗೆ ಕಟ್ಟಿರಬೇಕು ಅಂತ ಯಾವ ನಿಯಮವೂ ಇಲ್ಲ. ನಿಮ್ಮ ಗಿರಣಿ ಬಾಗಿಲು ದಾಟಿ ಕೆಲಸಕ್ಕೆ ನಿಂತ ಮೊದಲನೇ ಗಂಟೆಯಿಂದ ಅವಳು ವಿಮೆಯೊಳಗೇ ಇದ್ದಳು. ನೀವು ಬರೆಸದ ತಪ್ಪಿಗೆ ನಿಮ್ಮಿಂದ ನಾವು ವಸೂಲು ಮಾಡ್ತೀವಿ. ಅವಳಿಗೆ ತಪ್ಪಿಸೋದಿಲ್ಲ."

ನಾನು ಇನ್ನೊಂದು ಸಲ ಹೇಳಿಸಿಕೊಂಡೆ. ಅವಳು ತನ್ನ ಹೆಸರು ಹೇಳಿದ್ದರೆ ಅವತ್ತೇ ಎಲ್ಲ ಸರಿಹೋಗುತ್ತಿತ್ತು. ರಕ್ತ ಸುರಿಯುತ್ತಿದ್ದ ಹೆಂಗಸಿನ ಕಿವಿಗೆ ಬಾಯಿಟ್ಟು ನಾನು ಹೇಳಿಕೊಟ್ಟದ್ದು, ಅವಳಿಗೆ ಜೀವನಪೂರ್ತಿ ಸಿಗುವುದನ್ನು ಕಳೆಯುವ ಮಾತು. ನಾನು ಅದನ್ನು ಉಪಕಾರ ಎಂದುಕೊಂಡಿದ್ದೆ. ಪಕ್ಕದ ಗಿರಣಿಯವರ ಬುತ್ತಿಯ ಕತೆಗೆ ಒಪ್ಪಿದ್ದರೆ ಅವಳಿಗೆ ಒಂದು ಪೈಸೆಯೂ ಸಿಗುತ್ತಿರಲಿಲ್ಲ.

"ಕಾಗದದ ಮೇಲೆ ಇಬ್ಬರೂ ಸುಳ್ಳು ಹೇಳಿಲ್ಲ," ಮ್ಯಾನೇಜರು ನನ್ನ ಹಾಜರಿ ಪುಸ್ತಕ ತಮ್ಮ ಕಡೆ ಎಳೆದುಕೊಂಡರು. "ಸುಳ್ಳು ಹೇಳಿರೋದು ಇದೊಂದೇ. ತಗೊಳ್ಳಿ, ಅಪಘಾತದ ವರದಿ ಬರೆಯಿರಿ. ಗಾಯಗೊಂಡವರ ಹೆಸರು ಮೇಲ್ಗಡೆ."

ಪೆನ್ನು ಹಿಡಿದೆ. ಕೈ ಅಲ್ಲೇ ನಿಂತಿತು. ಅವಳ ಹೆಸರು ನನಗೆ ಗೊತ್ತಿರಲಿಲ್ಲ. ಒಂದು ತಿಂಗಳಿಗೂ ಹೆಚ್ಚು ದಿನ ನಾನೇ ಹಾಜರಿ ಹಾಕಿದ ಹೆಂಗಸು. ನಾನು ಎದ್ದು, ವರದಿಯ ಹಾಳೆ ಮಡಚಿಕೊಂಡು, ಆಸ್ಪತ್ರೆಗೆ ಹೋಗಿ, ಅವಳನ್ನೇ ಕೇಳಿ ಬರೆದುಕೊಂಡು ಬಂದೆ. ಅವಳಿಗೆ ಅದು ವಿಚಿತ್ರ ಅನ್ನಿಸಲಿಲ್ಲ. ಹೇಳಿ, "ಬರದ್ರೇನ್ರೀ? ತಂಗಿ ರೊಕ್ಕಕ್ಕ ಏನೂ ಆಗಂಗಿಲ್ಲಲ್ಲ?" ಎಂದು ಮಾತ್ರ ಕೇಳಿದಳು.

ನೀವು ನಾಲ್ಕು ಜನಕ್ಕೆ ಕೆಲಸ ಕೊಟ್ಟವರಾದರೆ ನನ್ನಿಂದ ಇಷ್ಟು ಕೇಳಿರಿ. ಇವತ್ತು ಒಂದು ದಿನಕ್ಕೆ ಬಂದವಳ ಹೆಸರನ್ನೂ ಅವಳ ಬಾಯಿಂದಲೇ ಕೇಳಿ ಇವತ್ತೇ ಬರೆಯಿರಿ. ವಿಮೆ ಚೀಟಿ ಅವರ ಕೈಯಲ್ಲಿರಲಿ, ನಿಮ್ಮ ಖಾನೆಯಲ್ಲಲ್ಲ. ಅಪಘಾತವಾದರೆ ಯಾರ ಸಲಹೆಯನ್ನೂ ಕೇಳುವ ಮೊದಲು ಕಚೇರಿಗೆ ತಿಳಿಸಿರಿ. ಪಟ್ಟಾದ ಜಾಲರಿ ಬಿಚ್ಚಬೇಡಿ. ನನ್ನಿಂದ ವಸೂಲು ಮಾಡಿದರು. ಕೊಟ್ಟೆ. ಎಷ್ಟೆಂದು ಬರೆಯುವುದಿಲ್ಲ. ಅದರಲ್ಲಿ ಚೌಕಾಸಿ ನಡೆಯಲಿಲ್ಲ ಎಂದಷ್ಟು ಹೇಳಿದರೆ ನನ್ನನ್ನು ಬಲ್ಲವರಿಗೆ ಆಶ್ಚರ್ಯವಾದೀತು.

ಗಾಯ ಮಾಯ್ದ ಮೇಲೆ ಡಾಕ್ಟರುಗಳ ಮಂಡಳಿಯ ಮುಂದೆ ಅವಳನ್ನು ಕರೆದರು. ಕೈ ಎಷ್ಟು ಪಾಲು ಹೋಗಿದೆ ಎಂದು ಅಳೆದು ಪಿಂಚಣಿ ಗೊತ್ತು ಮಾಡುವ ದಿನ. ನಾನೂ ಹೋಗಿದ್ದೆ. ಲೋಟ ಹಿಡಿ ಅಂದರು, ಹಗ್ಗ ಎಳೆ ಅಂದರು, ಮುಷ್ಟಿ ಕಟ್ಟು ಅಂದರು. ಅವಳಿಗೆ ಆದದ್ದು ಮಾಡಿದಳು. ಹೊರಗೆ ಬರುವಾಗ, ಸ್ವಲ್ಪ ಜಾಸ್ತಿ ನೋವು ತೋರಿಸಬೇಕಿತ್ತು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.

ಜೀವ ಇರುವತನಕ ತಿಂಗಳ ಪಿಂಚಣಿ ಎಂದು ಗುಮಾಸ್ತ ಹೇಳಿದಾಗ ಅವಳು ಕೇಳಿದ್ದು ಒಂದೇ ಪ್ರಶ್ನೆ.

"ಮತ್ತ ಕೆಲಸಕ್ಕ ಹೋದ್ರ ಇದು ನಿಲ್ತದೇನ್ರೀ?"

ನಿಲ್ಲುತ್ತದೆ ಎಂದೇ ನಾನು ತಿಳಿದಿದ್ದೆ. ಹಾಗೆ ಹೇಳಲು ಬಾಯಿಯನ್ನೂ ತೆರೆದಿದ್ದೆ. ಗುಮಾಸ್ತ ತಲೆ ಎತ್ತದೆ, "ಇಲ್ಲಮ್ಮಾ, ಅದು ಹೋದ ಕೈಗೆ. ಉಳಿದ ಕೈಲಿ ನೀನು ಏನಾದ್ರೂ ದುಡಿ, ಇದಕ್ಕೂ ಅದಕ್ಕೂ ಸಂಬಂಧ ಇಲ್ಲ," ಎಂದ.

ಅವಳು ಸೆರಗು ಸರಿಮಾಡಿಕೊಂಡು ನನ್ನ ಕಡೆ ತಿರುಗಿದಳು. ಅಷ್ಟು ದಿನದಲ್ಲಿ ಮೊದಲ ಸಲ ನೆಟ್ಟಗೆ ಮುಖ ನೋಡಿ ಮಾತಾಡಿದಳು.

"ಹಂಗಾದ್ರ ಸೋಮವಾರದಿಂದ ಬರ್ತೀನ್ರೀ ಸಾವ್ಕಾರ್ರ. ತಂಗಿ ಜಾಗಕ್ಕಲ್ಲ, ಆಕಿ ತನ್ನ ಜಾಗಕ್ಕ ಬರ್ತಾಳ. ನನಗ ಬ್ಯಾರೆ ಜಾಗ ಬೇಕು. ಎಡಗೈಲೆ ಹಸನ ಮಾಡೂದು ರೂಢಿ ಮಾಡ್ಕೊಂಡೀನಿ. ಪಗಾರ ಮಾತ್ರ ಎರಡು ಕೈ ಇದ್ದವರಿಗಿ ಕೊಟ್ಟಷ್ಟೇ ಕೊಡಬೇಕು."

ನಾನು ಮುಖ ಕಿವಿಚಲಿಲ್ಲ. ಎಷ್ಟು ಎಂದೂ ಕೇಳಲಿಲ್ಲ. "ಬರವ್ವಾ," ಎಂದೆ. ಆಗ ಗಿರಣಿಯಲ್ಲಿ ಇಪ್ಪತ್ತೆರಡು ಜನ ಇದ್ದರು. ಸೋಮವಾರ ಇಪ್ಪತ್ಮೂರನೇ ಹೆಸರು ಬರೆದು, ಹೊಸ ಅರ್ಜಿ ತುಂಬಿ, ಅವಳ ಎಡಗೈ ಹೆಬ್ಬೆಟ್ಟು ಒತ್ತಿಸಿಕೊಂಡೆ.